ಯಗಚಿ ಹಿನ್ನೀರಲ್ಲಿ ನಾನು ತಲೆಯಾಡಿಸಿದ್ದು

ಮೊನ್ನೆ ಬೇಲೂರಿನಲ್ಲಿ ಒಂದು ನಾಮಕರಣದ ಫೋಟೋ ತೆಗೆದು ವಾಪಸ್ ಹೊರಟಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯೊಂದರಲ್ಲಿ ಕಾಫಿಪುಡಿ ಮಾಡುವ ಯಂತ್ರ ಓಡುತ್ತಿತ್ತು. ಬಿಸಿಬಿಸಿ ಪುಡಿಯ ಘಮ ರಸ್ತೆಯವರೆಗೂ ಬಂದಿತ್ತು. ಬೇರೆಯವರಿಗೆ ಆ ವಾಸನೆಗೆ ಒಂದು ಲೋಟ ಕುಡಿಯೋಣ ಅನ್ನಿಸುತ್ತದೆ. ನನಗೆ ಕತ್ತು ಬಿಗಿಯುತ್ತದೆ. ಅಂಗಡಿಯವನು, "ಅರೇಹಳ್ಳಿ ಕಡೆ ಬೀಜ ಸಾರ್, ಕಾಲು ಕೇಜಿ ಕಟ್ಲಾ?" ಅಂದ. ನಾನು ತಲೆಯಾಡಿಸಲಿಲ್ಲ. ಬಾಯಿಬಿಟ್ಟು "ಕಟ್ಟಪ್ಪ" ಅಂದೆ.

ತಲೆಯಾಡಿಸುವುದನ್ನು ಬಿಟ್ಟು ಕೆಲವು ವರ್ಷಗಳಾದವು. ಊಟ ಬಡಿಸಲಾ ಎಂದು ಹೆಂಡತಿ ಕೇಳಿದರೂ "ಹೂಂ, ಬಡಿಸು" ಎಂದು ಬಾಯಲ್ಲೇ ಹೇಳುತ್ತೇನೆ. ಕತ್ತಿಗೆ ಪಟ್ಟಿ ಕಟ್ಟಿದ್ದಾರಾ ಎಂದು ಅವಳು ರೇಗಿಸುತ್ತಾಳೆ. ರೇಗಿಸಿದರೂ ಕಾರಣ ಅವಳಿಗೆ ಗೊತ್ತು. ನಮ್ಮ ಬೀದಿಗೂ ಗೊತ್ತು. ಎಲ್ಲರಿಗೂ ಗೊತ್ತಾಗುವ ಹಾಗೆ ಹೇಳಿದವನೇ ನಾನು... ಅದೇ ತಾನೆ ನನ್ನ ಸಂಕಟ.

ಅರಸೀಕೆರೆಯಲ್ಲಿ ನಮ್ಮ ಸ್ಟುಡಿಯೋದ ಪಕ್ಕದ ಮನೆಯಲ್ಲಿ ವಾಲಗದ ಮಾವ ಇದ್ದರು. ನನಗೆ ಅವರು ರಕ್ತಸಂಬಂಧಿಯಲ್ಲ. ಚಿಕ್ಕಂದಿನಿಂದ ಮಾವ ಅಂದೆ, ಅವರು "ಅಳಿಮಯ್ಯ" ಅಂದರು, ಅಷ್ಟೇ. ಅವರಿಗೆ ಮಕ್ಕಳಿರಲಿಲ್ಲ, ಆದ್ದರಿಂದ ಆ ಅಳಿಯತನಕ್ಕೆ ಯಾವ ಹುಡುಗಿಯ ಅಡ್ಡಿಯೂ ಇರಲಿಲ್ಲ. ಸುತ್ತಮುತ್ತಲಿನ ಮದುವೆಗಳಲ್ಲಿ ಅವರ ನಾಗಸ್ವರ, ನನ್ನ ಕ್ಯಾಮೆರಾ. ಛತ್ರದಲ್ಲಿ ಕೊನೆಯ ಪಂಕ್ತಿಗೆ ಇಬ್ಬರೂ ಒಟ್ಟಿಗೆ ಕೂತು ಊಟ ಮಾಡುತ್ತಿದ್ದೆವು. ಪಾಯಸ ನನ್ನ ಎಲೆಗೆ ಕಡಿಮೆ ಬಿದ್ದರೆ ಬಡಿಸುವವನನ್ನು ಅವರೇ ಕೂಗಿ ಕರೆಯುತ್ತಿದ್ದರು.

ಮಾವನ ಬೆರಳುಗಳು ಉದ್ದ, ತುದಿ ಚಪ್ಪಟೆ. ತೂತುಗಳನ್ನು ಮುಚ್ಚಿ ಮುಚ್ಚಿ ಹಾಗಾಗಿದ್ದವು. ಆದರೆ ನಾನು ಹೆಚ್ಚು ನೋಡುತ್ತಿದ್ದದ್ದು ಅವರ ಕಣ್ಣನ್ನು. ಧಾರೆಯ ಹೊತ್ತಿನಲ್ಲಿ ಪುರೋಹಿತರ ಎರಡೂ ಕೈ ತುಂಬಿರುತ್ತವೆ, ಮಂಟಪದ ಸುತ್ತ ಸಂತೆಯ ಗದ್ದಲ. ಕೂಗಿದರೆ ಯಾರಿಗೂ ಕೇಳುವುದಿಲ್ಲ. ಅವರು ವಾಲಗದವರ ಕಡೆ ನೋಡಿ ತಲೆಯಾಡಿಸುತ್ತಾರೆ, ಅದೇ ಗಟ್ಟಿಮೇಳಕ್ಕೆ ಅಪ್ಪಣೆ. ಮಾವ ಊದುತ್ತಲೇ ಆ ತಲೆಯನ್ನು ಕಾಯುತ್ತಿದ್ದರು. ತಲೆ ಅಲ್ಲಾಡಿತೋ, ಅದೇ ಗಳಿಗೆಯಲ್ಲಿ ನಾಗಸ್ವರ ಮೇಲಕ್ಕೆ ಹೋಗುತ್ತಿತ್ತು, ಡೋಲಿನವನು ಹಿಂದೆಯೇ ಬರುತ್ತಿದ್ದ. "ಒಂದು ಉಸಿರು ತಡ ಆದ್ರೂ ತಾಳಿ ಕಟ್ಟೋದು ಮೂಕ ಆಗೋಯ್ತದೆ ಕಣೋ ಅಳಿಮಯ್ಯ" ಎನ್ನುತ್ತಿದ್ದರು.

ನಾನು ಸಣ್ಣದೊಂದು ಡ್ರೋನ್ ಕೊಂಡಾಗ ಮಾವನಿಗೆ ಮೊದಲು ಕೋಪ ಬಂತು. ನಮ್ಮ ಕಡೆ ಅದಕ್ಕೆ ಹೆಲಿಕ್ಯಾಮ್ ಎಂದೇ ಹೆಸರು. ಅದರ ಗುಂಯ್ ಎನ್ನುವ ಸದ್ದು ಅವರ ಶ್ರುತಿಗಿಂತ ಚೂರು ಮೇಲೆ ನಿಲ್ಲುತ್ತದಂತೆ, ಕಿವಿ ಕೆಡುತ್ತದಂತೆ. "ಈ ಹುಳ ಆ ಕಡೆ ಓಡಿಸೋ" ಎಂದು ಛತ್ರದಲ್ಲೇ ಬೈದಿದ್ದರು. ಆಮೇಲೆ ಒಂದು ದಿನ ನಮ್ಮ ಮಹಡಿಯ ಮೇಲೆ ಅದನ್ನು ಅವರ ಅಂಗೈ ಮೇಲಿಂದ ಹಾರಿಸಿ ತೋರಿಸಿದೆ. ಕೈ ಬಿಟ್ಟು ಮೇಲೇರಿದ್ದನ್ನು ನೋಡುತ್ತಾ ಬಾಯಿ ತೆರೆದುಕೊಂಡೇ ನಿಂತರು. ಅಲ್ಲಿಂದ ಮುಂದೆ ದಿನಾ ಸಂಜೆ, "ಹುಳ ಬಿಡಲ್ವಾ ಇವತ್ತು?" ಎನ್ನುವವರೂ ಅವರೇ.

ಆ ಸಲದ ದೊಡ್ಡ ಮದುವೆ ಕೊಬ್ಬರಿ ಮಂಡಿ ಯಜಮಾನರ ಹಿರಿಯ ಮಗಳದು. ಆ ಹುಡುಗಿಗೆ ಹಳೇಬೀಡಿನಲ್ಲಿ ಮದುವೆಗೆ ಮುಂಚಿನ ವಿಡಿಯೋ ಮಾಡಿಸುವ ಆಸೆ. ದೇವಸ್ಥಾನದ ಹತ್ತಿರ ಹೆಲಿಕ್ಯಾಮ್ ಹಾರಿಸುವ ಹಾಗಿಲ್ಲ ಎಂದು ನಾನೇ ಹೇಳಿ, ಬೇಲೂರಿನ ಯಗಚಿ ಹಿನ್ನೀರನ್ನು ತೋರಿಸಿದೆ. ಅಲ್ಲಿ ಬಾಡಿಗೆಗೆ ಕಯಾಕ್ ಸಿಗುತ್ತಿದ್ದವು. ಹುಡುಗ ಹುಡುಗಿ ಒಂದರಲ್ಲಿ, ನಾನು ಇನ್ನೊಂದರಲ್ಲಿ, ನೀರಿನ ನಡುವಿನಿಂದಲೇ ಹಾರಿಸಿದರೆ ಚಿತ್ರದಲ್ಲಿ ದಡವೇ ಕಾಣುವುದಿಲ್ಲ. ನನ್ನ ತಲೆ ಆಗ ಹಾಗೆ ಓಡುತ್ತಿತ್ತು.

ಯಜಮಾನರು ಇದನ್ನು ಒಪ್ಪುವ ಪೈಕಿ ಅಲ್ಲ. ಮಠಕ್ಕೆ ನಡೆದುಕೊಳ್ಳುವ ಮನೆತನ, ಮಾತಿಗೆ ಬಿಗಿ. "ತಾಳಿ ಬೀಳೋಗಂಟ ಹುಡ್ಗ ಹುಡ್ಗಿ ಜೊತೇಲಿ ತಿರುಗಂಗಿಲ್ಲ" ಎಂದು ನನ್ನೆದುರೇ ಹೇಳಿದ್ದರು. ಹುಡುಗಿ ಬೇಲೂರಿನ ಗೆಳತಿಗೆ ಲಗ್ನಪತ್ರಿಕೆ ಕೊಡುವ ನೆಪ ಮಾಡಿದಳು. ಆದರೂ ಒಬ್ಬಳೇ ಹೋಗಲು ಭಯವಾಗಿ ಅವಳು ಬಂದು ಸ್ಟುಡಿಯೋದಲ್ಲಿ ಅಳುಮೋರೆ ಹಾಕಿಕೊಂಡು ಕೂತಿದ್ದಾಗ ಮಾವ ಅಲ್ಲೇ ಇದ್ದರು. ಅವಳನ್ನು ತೊಟ್ಟಿಲಿಗೆ ಹಾಕಿದ ದಿನ ಊದಿದ್ದು ಅವರೇ. "ಅವಳೊಬ್ಳೇ ಹೋಗೋದು ಬ್ಯಾಡ. ದೊಡ್ಡೋರು ಅಂತ ಒಬ್ರು ಇರ್ಲಿ, ನಾನೂ ಬತ್ತೀನಿ" ಎಂದರು. ನನಗೋ ಹಾಲು ಕುಡಿದಷ್ಟು ಸಂತೋಷ. ನನ್ನ ಜೊತೆ ಕೆಲಸ ಮಾಡುವವನು ಜ್ವರ ಬಂದು ಮಲಗಿದ್ದ, ಹೆಲಿಕ್ಯಾಮ್ ಹಿಡಿಯಲು ಇನ್ನೊಂದು ಜೊತೆ ಕೈ ಬೇಕಿತ್ತು.

ಕಯಾಕ್ ಎಂದರೆ ಇಬ್ಬರು ಕಾಲು ಚಾಚಿ ಕೂರುವಷ್ಟೇ ಅಗಲದ ದೋಣಿ. ಅದರಲ್ಲಿ ಹೆಲಿಕ್ಯಾಮ್ ಇಳಿಸಲು ಜಾಗವಿಲ್ಲ. ಅಂಗೈ ಮೇಲಿಂದ ಬಿಡಬೇಕು, ವಾಪಸ್ ಬಂದಾಗ ಕೈಯಲ್ಲೇ ಹಿಡಿಯಬೇಕು. ಹಿಡಿಯುವಾಗ ಅದರ ಹೊಟ್ಟೆಯ ಕೆಳಗಡೆಯೇ ಹಿಡಿಯಬೇಕು, ಪಕ್ಕಕ್ಕೆ ಕೈ ಹೋದರೆ ರೆಕ್ಕೆ ಸುತ್ತುತ್ತಿರುತ್ತದೆ. ಹಿಂದಿನ ದಿನ ಮಹಡಿಯ ಮೇಲೆ ಅಭ್ಯಾಸ ಮಾಡಿದೆವು. ಒಣಹಾಕಿದ್ದ ಕೊಬ್ಬರಿಯ ಪಕ್ಕ ಎರಡು ಮಣೆ ಹಾಕಿಕೊಂಡು, ಕಾಲು ಚಾಚಿ, ಮಾವ ನನಗೆ ಎದುರುಮುಖವಾಗಿ ಕೂತರು. ಮಾವನ ಹೆಂಡತಿ, ನನಗೆ ಅತ್ತೆ, ಮೆಟ್ಟಿಲ ಮೇಲೆ ನಿಂತು, "ನೀರಿಲ್ದೆ ದೋಣಿ ನಡುಸ್ತಾವ್ರೆ, ನೋಡ್ರವ್ವ" ಎಂದು ಪಕ್ಕದ ಮನೆಯವರನ್ನೆಲ್ಲ ಕರೆದರು. ನನ್ನ ಎರಡು ಕೈಯೂ ರಿಮೋಟಿನ ಮೇಲೆ, ಹಾರುವ ಸದ್ದಿಗೆ ಮಾತು ಕೇಳಿಸುವುದಿಲ್ಲ. "ಹಂಗಾರೆ ನೀನೇ ಪುರೋಹಿತ. ಹುಳ ಸರಿಯಾಗಿ ನಿಂತ ಮೇಲೆ ತಲೆ ಆಡ್ಸು, ನಾನು ಹಿಡ್ಕತೀನಿ" ಎಂದರು ಮಾವ. ಅವತ್ತು ಒಂದು ಸಲವೂ ತಪ್ಪಲಿಲ್ಲ.

ಹಿನ್ನೀರಿನಲ್ಲೂ ಹಾರಿಸುವುದು ಸಲೀಸಾಗಿಯೇ ಆಯಿತು. ಮಾವ ಲೈಫ್ ಜಾಕೆಟ್ಟಿನ ಒಳಗೆ ಕತ್ತು ಹುದುಗಿಸಿ, ಬಲಗೈಯಲ್ಲಿ ಕಯಾಕಿನ ಅಂಚು ಹಿಡಿದು, ಎಡ ಅಂಗೈಯನ್ನು ಆರತಿ ತಟ್ಟೆ ಹಿಡಿದ ಹಾಗೆ ಎತ್ತಿದರು. ಹೆಲಿಕ್ಯಾಮ್ ಏರಿತು. ಹುಡುಗ ಹುಡುಗಿ ನಗುತ್ತಾ ಹುಟ್ಟು ಹಾಕಿದರು. ಬಿಸಿಲು ಎಳೆಯದಾಗಿತ್ತು, ನೀರು ಅಲುಗಾಡುತ್ತಿರಲಿಲ್ಲ. ಇಂಥ ಚಿತ್ರ ಹಾಸನ ಜಿಲ್ಲೆಯಲ್ಲೇ ಯಾರೂ ತೆಗೆದಿಲ್ಲ ಎಂದು ನಾನು ಮನಸ್ಸಿನಲ್ಲೇ ಉಬ್ಬಿದ್ದೆ.

ಇಳಿಸುವಾಗ ಅವರಿಬ್ಬರ ಕಯಾಕ್ ನಮ್ಮ ಬಲಗಡೆಗೆ ಬಂತು. ಹೆಲಿಕ್ಯಾಮ್ ಇನ್ನೂ ಮಾವನ ತಲೆಯಿಂದ ಒಂದು ಮೊಳ ಮೇಲಿತ್ತು, ನೇರಕ್ಕೂ ಬಂದಿರಲಿಲ್ಲ. ಆಗ ಹುಡುಗಿ ಕೈ ಬೀಸಿ, "ಅಣ್ಣಾ, ಚೆನ್ನಾಗಿ ಬಂತಾ?" ಎಂದು ಕೂಗಿದಳು. ನಾನು ಅವಳ ಕಡೆ ತಿರುಗಿ ತಲೆಯಾಡಿಸಿದೆ.

ಮಾವ ಕೈ ಎತ್ತಿದರು.

ಟಕಟಕ ಎಂದು ಪ್ಲಾಸ್ಟಿಕ್ಕು ಮೂಳೆಗೆ ಬಡಿದ ಸದ್ದು ಕೇಳಿಸಿತು. ನಾನು ರಿಮೋಟಿನ ಕಡ್ಡಿ ಎಳೆದು ನಿಲ್ಲಿಸುವಷ್ಟರಲ್ಲಿ ಆಗುವುದು ಆಗಿಹೋಗಿತ್ತು. ಮಾವ ಕೂಗಲಿಲ್ಲ. ರಕ್ತ ಮೊಣಕೈವರೆಗೂ ಇಳಿಯುತ್ತಿದ್ದರೂ ಹಿಡಿದದ್ದನ್ನು ಬಿಡಲಿಲ್ಲ. "ನೀರಿಗೆ ಬೀಳ್ಲಿಲ್ಲ ಕಣೋ ಅಳಿಮಯ್ಯ... ನಿನ್ನ ಹುಳ ಐತೆ" ಎಂದರು. ದಡದ ಟೀ ಅಂಗಡಿಯ ಹೆಂಗಸು ಡಬ್ಬದಿಂದ ಹಿಡಿ ಕಾಫಿಪುಡಿ ತಂದು ಗಾಯಕ್ಕೆ ಒತ್ತಿ, ಸೆರಗಿನ ಚೂರು ಹರಿದು ಕಟ್ಟಿದಳು. ಆ ರಕ್ತ, ಆ ಕಾಫಿ... ಆ ವಾಸನೆ ನನ್ನ ಮೂಗಿನಲ್ಲಿ ಕೂತುಬಿಟ್ಟಿತು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು ವಾಪಸ್ ಬರುವಾಗ ಕಾರಿನಲ್ಲಿ ಹುಡುಗಿ ಒಂದೇ ಸಮ ಅಳುತ್ತಿದ್ದಳು. ಮಾವನೇ ಅವಳಿಗೆ ಧೈರ್ಯ ಹೇಳಿದರು. "ಎಳನೀರು ಕೆತ್ತುವಾಗ ಮಚ್ಚು ತಗುಲ್ತು ಅಂತೀನಿ. ಎಲ್ರೂ ಬಾಯಿ ಮುಚ್ಕಂಡಿರಿ. ಮದ್ವೆ ಚೆನ್ನಾಗಿ ನಡೀಲಿ." ಎಲ್ಲರೂ ಹೂಂಗುಟ್ಟಿದೆವು.

ಗಾಯ ಮಾಯಿತು. ಆದರೆ ಎರಡು ಬೆರಳುಗಳ ತುದಿಯಲ್ಲಿ ಸ್ಪರ್ಶ ಹೋಯಿತು. ತೂತು ಮುಚ್ಚಿದೆಯೋ ಇಲ್ಲವೋ ಬೆರಳಿಗೆ ತಿಳಿಯುತ್ತಿರಲಿಲ್ಲ, ನಾದ ಸೋರುತ್ತಿತ್ತು. ಮಾವ ಪಟ್ಟು ಬಿಡಲಿಲ್ಲ. ಬೆಳಗ್ಗೆ ಬಾಗಿಲು ಹಾಕಿಕೊಂಡು ಬೇರೆ ಬೆರಳಿಟ್ಟು ಕಲಿಯುತ್ತಿದ್ದರು. ಗೋಡೆಯ ಈಚೆ ನಾನು ಕೇಳುತ್ತಿದ್ದೆ. ಮೊದಮೊದಲು ಎಳೆ ಮಕ್ಕಳ ತೊದಲು, ಆಮೇಲಾಮೇಲೆ ಒಂದೊಂದು ಸಾಲು ನೆಟ್ಟಗೆ ಬರತೊಡಗಿತು. ಈ ಮದುವೆಗೆ ಆಗುವುದಿಲ್ಲ, ಯಜಮಾನರ ಎರಡನೇ ಮಗಳ ಮದುವೆಗೆ ನಾನೇ ಊದುತ್ತೇನೆ ಎಂದು ಅವರಿಗೆ ಹೇಳಿದ್ದರು. ಯಜಮಾನರೂ ಆಗಲಿ ಎಂದಿದ್ದರು. ಆ ಒಂದು ಮಾತನ್ನೇ ಮಾವ ನೆಚ್ಚಿಕೊಂಡಿದ್ದರು.

ಮದುವೆಯ ದಿನ ಬೇರೆಯವರು ಊದಿದರು. ಮಾವ ಮೇಳದ ಹಿಂದೆ ಶ್ರುತಿಪೆಟ್ಟಿಗೆ ಇಟ್ಟುಕೊಂಡು ಕೂತಿದ್ದರು. ಧಾರೆ ಮುಗಿದು, ವಾಲಗದವರಿಗೆ ತಾಂಬೂಲ ಕೊಡುವ ಹೊತ್ತು. ಯಜಮಾನರು ಶಾಲು, ಎಲೆಅಡಿಕೆ ಹಿಡಿದು ಮೊದಲು ಮಾವನ ಹತ್ತಿರವೇ ಬಂದರು. "ತೆಂಗಿನ ಸೀಮೇಲಿ ಹುಟ್ಟಿ ಒಂದು ಎಳನೀರು ಕೆತ್ತಕ್ಕೆ ಬರ್ಲಿಲ್ವಲ್ಲ! ನಮ್ಮೂರ ಮಾನ ಕಳೆದ್ರಿ" ಎಂದು ಪ್ರೀತಿಯಿಂದಲೇ ಗೇಲಿ ಮಾಡಿದರು. ಜನ ನಕ್ಕರು. ಹಿಂದಿನಿಂದ ಒಬ್ಬ, "ಅವತ್ತು ಎಳನೀರೋ, ಇನ್ಯಾವ ನೀರೋ!" ಎಂದ. ನಗು ಜಾಸ್ತಿಯಾಯಿತು. ತೊಟ್ಟು ಹೆಂಡ ಮುಟ್ಟದ ಮಾವ ಅವರ ಜೊತೆ ತಾವೂ ನಕ್ಕರು. ಆ ನಗು ನನಗೆ ನೋಡಲಾಗಲಿಲ್ಲ.

ಕ್ಯಾಮೆರಾ ಇಳಿಸಿ, "ಮಾವಂದೇನೂ ತಪ್ಪಿಲ್ಲ" ಎಂದು ಕೂಗಿಯೇ ಹೇಳಿದೆ. ಯಗಚಿ, ಕಯಾಕ್, ಹೆಲಿಕ್ಯಾಮ್, ನನ್ನ ತಲೆ, ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೋದ ಹಾಗೆ ನನ್ನ ಎದೆಯ ಮೇಲಿನ ಕಲ್ಲು ಇಳಿಯುತ್ತಿತ್ತು. ನಾನು ದೊಡ್ಡ ಮನುಷ್ಯನಾಗುತ್ತಿದ್ದೇನೆ ಎಂದುಕೊಂಡೆ, ನಾಚಿಕೆಗೇಡಿ.

ಯಾರೂ ನಗಲಿಲ್ಲ. ಮಂಟಪದಲ್ಲಿ ಹುಡುಗಿ ತಲೆ ತಗ್ಗಿಸಿದಳು. ಯಜಮಾನರು ನನ್ನ ಕಡೆ ನೋಡಲೇ ಇಲ್ಲ. ಮಾವನನ್ನು ನೋಡಿ, "ತೊಟ್ಲಿಂದ ನೋಡಿದ ಹುಡ್ಗಿ. ನಮ್ಮ ಮಾತು ಮೀರಿ, ನೀವೇ ಜೊತೆಗೋಗಿ ನೀರಿಗಿಳಿಸಿದ್ರಾ?" ಎಂದರು.

ಮಾವ ಎದ್ದು ನಿಂತು, "ತಪ್ಪಾಯ್ತು ಯಜಮಾನ್ರೇ" ಎಂದರು.

ಯಜಮಾನರು ಬೈಯಲಿಲ್ಲ. ತಾಂಬೂಲವನ್ನು ತಟ್ಟೆಯಲ್ಲಿಟ್ಟು, ಇವರಿಗೆ ಕೊಡು ಎಂದು ಬೇರೆಯವರ ಕೈಗೆ ಕೊಟ್ಟು ಹೊರಟುಹೋದರು. ಎರಡನೇ ಮಗಳ ಮದುವೆಗೆ ಮಾವನನ್ನು ಕರೆಯಲಿಲ್ಲ. ಅವರು ಕರೆಯದ ಮೇಲೆ ಮಂಡಿಯ ಉಳಿದ ಮನೆಗಳವರೂ ಕರೆಯಲಿಲ್ಲ. ಕೈಗೆ ಪೆಟ್ಟಾದ ವಾಲಗದವನನ್ನು ಜನ ಕಾಯುತ್ತಿದ್ದರು, ಮನೆಯ ಹೆಣ್ಣುಮಕ್ಕಳ ವಿಷಯದಲ್ಲಿ ಸುಳ್ಳು ಹೇಳಿದವನನ್ನು ಕಾಯಲಿಲ್ಲ. ಕಾರಿನಲ್ಲಿದ್ದ ನಾವು ನಾಲ್ವರೊಳಗೇ ಉಳಿದಿದ್ದರೆ ಆ ಸುಳ್ಳಿನಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ. ಗೇಲಿಯನ್ನು ಮಾವ ತಾವಾಗಿ ಒಪ್ಪಿಕೊಂಡಿದ್ದರು. ತಡೆಯಲಾಗದೆ ಹೋದವನು ನಾನು.

ನನಗೆ ಮಾತ್ರ ಏನೂ ಆಗಲಿಲ್ಲ. ಸತ್ಯ ಹೇಳಿದ ಹುಡುಗ ಎಂದು ನಾಲ್ಕು ಜನ ಹೊಗಳಿದರು ಕೂಡ. ಆ ಹೊಗಳಿಕೆ ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಅವತ್ತು ಸಂಜೆ ಮಾವ ಅವರ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಹೋಗಿ ಎದುರು ನಿಂತೆ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ.

"ಎದೆ ಹಗುರ ಆಯ್ತೇನಪ್ಪಾ?" ಎಂದು ಕೇಳಿದರು.

ಅಳಿಮಯ್ಯ ಅನ್ನಲಿಲ್ಲ. ಆಮೇಲೆ ಯಾವತ್ತೂ ಅನ್ನಲಿಲ್ಲ. ನಾನು ತಲೆಯಾಡಿಸಿದೆ. ಅದೇ ಕೊನೆ, ಮತ್ತೆ ಆಡಿಸಿಲ್ಲ.

ಸ್ವಲ್ಪ ದಿನಗಳಲ್ಲೇ ಗೋಡೆಯ ಆಚೆಯ ಅಭ್ಯಾಸ ನಿಂತಿತು. ಮಾವ, ಅತ್ತೆ ಇಬ್ಬರೂ ಅತ್ತೆಯ ತವರಾದ ಗಂಡಸಿ ಊರಿಗೆ ಹೋದರು. ಬಸ್ಸಿನಲ್ಲಿ ಹೋದರೆ ಎಷ್ಟು ದೂರ ಅದು? ನಾನು ಹೋಗಲಿಲ್ಲ. ಹೋಗಿ ಕ್ಷಮೆ ಕೇಳಿದರೆ ಇನ್ನೊಂದು ಸಲ ನನ್ನ ಎದೆಯನ್ನೇ ಹಗುರ ಮಾಡಿಕೊಂಡ ಹಾಗಾಗುತ್ತದೆ ಎಂದುಕೊಂಡೆ. ಅದು ನಿಜವೋ, ನನ್ನ ಹೇಡಿತನಕ್ಕೆ ಹೊದಿಸಿದ ಶಾಲೋ, ಈಗಲೂ ಗೊತ್ತಿಲ್ಲ. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂದ ಮೇಲೆ ಹೋದೆ. ನಾಗಸ್ವರ ಹಳೆಯ ಪಂಚೆಯಲ್ಲಿ ಸುತ್ತಿ ಗೋಡೆಗೆ ಒರಗಿಸಿತ್ತು. ಅತ್ತೆ ಲೋಟದ ತುಂಬ ಕಾಫಿ ತಂದುಕೊಟ್ಟರು. ಕುಡಿದೆ.

ಮೊನ್ನೆ ಬೇಲೂರಿನಿಂದ ಬಂದವನು ಕಾಫಿಪುಡಿ ಪೊಟ್ಟಣವನ್ನು ಅಡುಗೆಮನೆಯಲ್ಲಿಟ್ಟು ಸ್ಟುಡಿಯೋಗೆ ಹೋಗಿ, ಅವತ್ತಿನ ವಿಡಿಯೋ ತೆರೆದೆ. ಹೆಲಿಕ್ಯಾಮ್ ಇಳಿಯುವಾಗಲೂ ರೆಕಾರ್ಡಿಂಗ್ ಓಡುತ್ತಲೇ ಇತ್ತು. ಇಷ್ಟು ದಿನ ಅದನ್ನು ಅಳಿಸಲೂ ಆಗಿರಲಿಲ್ಲ, ನೋಡಲೂ ಆಗಿರಲಿಲ್ಲ. ಮೇಲಿನಿಂದ ನಮ್ಮ ಕಯಾಕ್ ಪೂರ್ತಿ ಕಾಣುತ್ತದೆ. ನನ್ನ ತಲೆ ಬಲಕ್ಕೆ ತಿರುಗುತ್ತದೆ, ಆಡುತ್ತದೆ. ಮಾವನ ಕೈ ಮೇಲೆ ಬರುತ್ತದೆ, ತೆರೆ ಕಪ್ಪಾಗುತ್ತದೆ. ಇಷ್ಟು ವರ್ಷ ನಾನು ಅಂದುಕೊಂಡಿದ್ದದ್ದು, ಅವರು ಹೆಲಿಕ್ಯಾಮನ್ನು ನೋಡಿ ಅಂದಾಜು ತಪ್ಪಿದರು, ನನ್ನ ತಪ್ಪಿನಲ್ಲಿ ಅವರದೂ ಒಂದು ಪಾಲಿದೆ ಎಂದು. ಮತ್ತೆ ಮತ್ತೆ ನಿಲ್ಲಿಸಿ ನೋಡಿದೆ. ಕೈ ಎತ್ತುವಾಗಲೂ ಮಾವ ಮೇಲೆ ನೋಡಿಯೇ ಇಲ್ಲ. ಅವರು ನನ್ನನ್ನೇ ನೋಡುತ್ತಿದ್ದಾರೆ.