ರೇಣುಕಾ ಹಿಂಬಾಲಿಸಿದ ಕಥೆ

ನಿನ್ನೆ ಲೋಕಲ್ ರೈಲಿನಿಂದ ಇಳಿದು ಬಂದ ನನ್ನ ಹೆಂಡತಿ ಮೇಜಿನ ಮೇಲೆ ಒಂದು ರಟ್ಟಿನ ತುಂಡು ಇಟ್ಟಳು. ಅದಕ್ಕೆ ಸಾಲಾಗಿ ಕೂದಲಿನ ಕ್ಲಿಪ್ಪುಗಳನ್ನು ಸಿಕ್ಕಿಸಿದ್ದರು; ರೈಲಿನ ಹೆಂಗಸರ ಡಬ್ಬಿಯಲ್ಲಿ, ಅಂದರೆ ಬೋಗಿಯಲ್ಲಿ, ಮಾರಿಕೊಂಡು ಬರುತ್ತಾರಲ್ಲ, ಅಂಥವು. ಅದನ್ನು ಕಂಡದ್ದೇ ನಾನು ಕುರ್ಚಿ ಹಿಂದಕ್ಕೆ ಸರಿಸಿದೆ. ಬೋಳುತಲೆಯವನ ಹೊಟ್ಟೆಕಿಚ್ಚು ಎಂದು ಅವಳು ತೀರ್ಮಾನ ಕೊಟ್ಟಳು. ಕಾರಣ ಬೇರೆ. ಕೂತುಕೊಳ್ಳಿ, ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಕನ್ನಡ ಸಂಘ ಮೇ ತಿಂಗಳ ರಜೆಯಲ್ಲಿ ಮಕ್ಕಳಿಗೊಂದು ಕಥೆ ಬರೆಯುವ ಶಿಬಿರ ನಡೆಸಿತು. ಬ್ಯಾಂಕಿನಿಂದ ನಿವೃತ್ತನಾಗಿ ಮನೆಯವರ ಕಾಲಿಗೆ ತೊಡರುತ್ತಿದ್ದ ನನ್ನನ್ನು ಅದರ ನಿರ್ದೇಶಕನನ್ನಾಗಿ ಮಾಡಿದರು. ಅಲ್ಲಿಯವರೆಗೆ ನನ್ನ ಸಾಹಿತ್ಯ ಸೇವೆಯೆಂದರೆ ಸಂಘದ ಸ್ಮರಣ ಸಂಚಿಕೆಯಲ್ಲಿ ಬಂದ ಎರಡು ಪ್ರಬಂಧ; ಎರಡನೆಯದರ ಕೊನೆಯ ಪುಟವನ್ನು ಒಂದು ಟೂರ್ಸ್ ಕಂಪನಿಯ ಜಾಹೀರಾತು ನುಂಗಿತ್ತು. ಆದರೂ ನಿರ್ದೇಶಕ ಎಂದಮೇಲೆ ಗಾಂಭೀರ್ಯ ಬೇಕಲ್ಲ? ಮೊಬೈಲ್ ಇರುವಲ್ಲಿ ಕಲ್ಪನೆ ಸುಳಿಯದು ಎಂದು ಮೊದಲ ದಿನವೇ ಆಜ್ಞೆ ಹೊರಡಿಸಿದೆ. ಮಕ್ಕಳ ಫೋನುಗಳೆಲ್ಲ ಅಡುಗೆಮನೆಯ ಸಾಂಬಾರಿನ ಪಾತ್ರೆಯೊಳಗೆ ಬಂದಿಯಾದವು.

ಮಕ್ಕಳೆಲ್ಲ ಇಲ್ಲೇ ಹುಟ್ಟಿದವರು. ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತಿತ್ತು. ಹೀಗಾಗಿ ಒಂದು ಒಪ್ಪಂದವಾಯಿತು: ಯಾವ ಭಾಷೆಯಲ್ಲಾದರೂ ಕಥೆ ಹೇಳಲಿ, ಸುಮತಿ ಟೀಚರ್ ಅದನ್ನು ಬೋರ್ಡಿನ ಮೇಲೆ ಕನ್ನಡಕ್ಕೆ ಇಳಿಸುತ್ತಾರೆ. ಉಡುಪಿ ಕಡೆಯ ಅವರು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಪಾಠ ಮಾಡಿದವರು. ಆ ಶಾಲೆ ಮುಚ್ಚಿದರೂ ಅವರ ದನಿ ಮುಚ್ಚಿರಲಿಲ್ಲ. ಮಕ್ಕಳಲ್ಲಿ ರೇಣುಕಾ ಎಂಬ ಹನ್ನೆರಡರ ಹುಡುಗಿ ಕಿಟಕಿಯ ಪಕ್ಕ ಕೂರುತ್ತಿದ್ದಳು. ಅಪ್ಪ ಅಮ್ಮ ವಿಜಯಪುರದ ಕಡೆಯವರು. ಅಮ್ಮನಿಗೆ ನವಿ ಮುಂಬೈಯ ತುರ್ಭೆಯಲ್ಲಿ ಪ್ಯಾಕಿಂಗ್ ಕೆಲಸ. ನಾನು ಏನು ಕೇಳಿದರೂ ಹುಡುಗಿಯ ಉತ್ತರ ಒಂದೇ: “ಹಾಂ ಸರ್.” ಇವಳಿಂದ ಕಥೆ ಬರುವುದಿಲ್ಲ ಎಂದು ನಿರ್ದೇಶಕರು ಆಗಲೇ ನಿರ್ಧರಿಸಿಬಿಟ್ಟಿದ್ದರು.

ನಾಲ್ಕನೆಯ ದಿನ ಎಲ್ಲರನ್ನೂ ಸ್ಟೇಷನ್ನಿನ ಹೊರಗಿನ ತರಕಾರಿ ಮಾರ್ಕೆಟ್ಟಿಗೆ ಕರೆದುಕೊಂಡು ಹೋದೆ. ಒಬ್ಬರು ಅಪರಿಚಿತರನ್ನು ಆರಿಸಿಕೊಳ್ಳಿ, ಅವರು ಎಲ್ಲಿಗೆ ಹೋಗುತ್ತಾರೆ, ಏನು ಮಾಡುತ್ತಾರೆ ನೋಡಿ ಬನ್ನಿ, ಅರ್ಧಕ್ಕೆ ಬಿಟ್ಟುಬಂದವರಿಗೆ ಕಥೆ ಸಿಗುವುದಿಲ್ಲ ಎಂದು ಉಪದೇಶಿಸಿದೆ. ಬುದ್ಧಿವಂತ ಮಕ್ಕಳು ಕಬ್ಬಿನ ಹಾಲಿನವನನ್ನು ಆರಿಸಿಕೊಂಡರು. ಅವನು ಎಲ್ಲಿಗೂ ಹೋಗುವವನಲ್ಲ, ಮೇಲಾಗಿ ನೆರಳೂ ಇತ್ತು. ಹೇಳಿದ ಮಾತನ್ನು ಹೇಳಿದಂತೆಯೇ ಕೇಳುವ ವಿದ್ಯಾರ್ಥಿ ಇಡೀ ಶಿಬಿರದಲ್ಲಿ ಒಬ್ಬಳೇ ಇದ್ದಳು ಎಂಬುದು ತಲೆ ಎಣಿಸುವಾಗ ಗೊತ್ತಾಯಿತು.

“ಸರ್, ರೇಣುಕಾ ತೋ ಕ್ಲಿಪ್‌ವಾಲಿ ಕೆ ಪೀಛೆ ಬ್ರಿಜ್ ಚಢ್ ಗಯೀ,” ಎಂದ ಒಬ್ಬ ಹುಡುಗ. ಕ್ಲಿಪ್ ಮಾರುವವಳ ಹಿಂದೆ ಅವಳು ಹತ್ತಿದ ಆ ಬ್ರಿಜ್ ಇಳಿಯುವುದು ಪ್ಲಾಟ್‌ಫಾರ್ಮಿಗೆ.

ಓಡಿದೆವು. ಎರಡೂ ಕಡೆ ರೈಲುಗಳು ಬಂದು ಜನರನ್ನು ಕಕ್ಕಿ, ಅಷ್ಟೇ ಜನರನ್ನು ನುಂಗಿ ಹೋಗುತ್ತಿದ್ದವು. ಈ ಲೈನಿನಲ್ಲಿ ಓಡಾಡುವವರಿಗೆ ಹೇಳಬೇಕಾಗಿಲ್ಲ: ಮುಂಬ್ರಾ ಸ್ಟೇಷನ್ನಿನ ತಿರುವಿನಲ್ಲಿ ಬಾಗಿಲ ಬಳಿ ನಿಂತ ದೊಡ್ಡವರೇ ಕಂಬಿಯನ್ನು ಎರಡು ಕೈಯಲ್ಲಿ ಹಿಡಿಯುತ್ತಾರೆ. ಆ ಹುಡುಗಿಯ ಕೈ ಕಂಬಿಗೆ ಎಟಕುತ್ತದೆಯೇ? ಮೂರು ದಿನ ಪಕ್ಕದಲ್ಲಿ ನಿಂತು ಪಾಠ ಹೇಳಿದವನಿಗೆ ಅವಳ ಎತ್ತರ ನೆನಪಿಗೆ ಬರಲಿಲ್ಲ.

ಬರಿಗೈಯಲ್ಲಿ ಸಂಘಕ್ಕೆ ಮರಳಿದಾಗ, ಹೋಟೆಲು ನಡೆಸುವ ನಮ್ಮ ಅಧ್ಯಕ್ಷ ಶೆಟ್ಟರು ಬಾಗಿಲಲ್ಲೇ ನಿಂತಿದ್ದರು. “ಮಾಸ್ಟ್ರೆ, ಪೊಲೀಸಿಗೆ ಈಗ್ಲೇ ಹೇಳ್ಬೇಡಿ. ಸ್ವಲ್ಪ ಕಾಯುವ. ಸಂಘದ ಹೆಸರುಂಟು.”

“ಹೆಸರು ಆಮೇಲೆ ಹುಡುಕುವ ಶೆಟ್ರೆ. ಮೊದ್ಲು ಹುಡುಗಿಯನ್ನು ಹುಡುಕುವ,” ಎಂದು ಸುಮತಿ ಟೀಚರ್ ಚಪ್ಪಲಿ ಮೆಟ್ಟಿ ರೈಲ್ವೆ ಪೊಲೀಸರ ಬಳಿಗೆ ಹೊರಟೇಬಿಟ್ಟರು.

ಆಗ ಸಾಂಬಾರಿನ ಪಾತ್ರೆ ರಿಂಗಾಯಿತು. ಸ್ಟೀಲಿನೊಳಗೆ ಫೋನಿನ ಸದ್ದು ದೇವಸ್ಥಾನದ ಗಂಟೆಯಷ್ಟು ದೊಡ್ಡದಾಗುತ್ತದೆ ಎಂದು ನನಗೆ ತಿಳಿದಿರಲಿಲ್ಲ. ತೆಗೆದು ನೋಡಿದರೆ ರೇಣುಕಾಳ ಫೋನಿನ ಪರದೆಯ ಮೇಲೆ ‘ಅವ್ವ’. ಶೆಟ್ಟರು ಬೇಡ ಎಂದು ಕೈಯಾಡಿಸಿದರು. ಸದ್ದು ನಿಂತಿತು, ಮತ್ತೆ ಶುರುವಾಯಿತು. ಎತ್ತಿದೆ.

“ರೇಣೂ, ಊಟ ಮಾಡಿದೇನ?”

ನಾನು ಶಿಬಿರದ ಮಾಸ್ಟರು ಎಂದೆ.

“ಆಕಿ ಎಲ್ಲದಾಳ್ರೀ ಸರ?”

ನಾಲ್ಕು ದಿನದಿಂದ ಮಕ್ಕಳಿಗೆ ಇಲ್ಲದ್ದನ್ನು ಇದ್ದಂತೆ ಹೇಳುವ ವಿದ್ಯೆ ಕಲಿಸುತ್ತಿದ್ದವನು ನಾನು. ಹುಡುಗಿ ಕೈ ತೊಳೆಯಲು ಹೋಗಿದ್ದಾಳೆ ಎಂಬ ಪುಟ್ಟ ಕಥೆ ನಾಲಿಗೆಯ ತುದಿಯಲ್ಲೇ ಇತ್ತು. ಶೆಟ್ಟರ ಕಣ್ಣು ಅದನ್ನೇ ಬೇಡುತ್ತಿತ್ತು.

“ಹುಡುಗಿ ಕಾಣ್ತಾ ಇಲ್ಲಮ್ಮ,” ಎಂದೆ. “ಕ್ಲಿಪ್ ಮಾರುವವಳ ಹಿಂದೆ ಸ್ಟೇಷನ್ನಿಗೆ ಹೋಗಿದ್ದಾಳೆ. ಯಾರನ್ನಾದ್ರೂ ನೋಡ್ತಾ ಹೋಗು ಅಂತ ಹೇಳಿದ್ದು ನಾನೇ.”

ಆಕೆ ಕೂಗಲಿಲ್ಲ, ಅಳಲಿಲ್ಲ. ಕೂಗಿದ್ದರೆ ನನಗೆ ಹಗುರಾಗುತ್ತಿತ್ತು. ಆಮೇಲೆ, “ತಡೀರಿ ಸರ, ಯಾವುದೋ ಫೋನ್ ಬರಾಕತ್ತೈತಿ,” ಎಂದಳು. ನನ್ನನ್ನು ಹೋಲ್ಡಿನಲ್ಲಿಟ್ಟಳು.

ಫೋನನ್ನು ಕಿವಿಗೆ ಒತ್ತಿಕೊಂಡು ನಿಂತೆ. ಎದುರಿನ ಬೋರ್ಡಿನ ಮೇಲೆ ಹಿಂದಿನ ದಿನದ ಪಾಠ ಹಾಗೇ ಇತ್ತು, ನನ್ನದೇ ದಪ್ಪ ಅಕ್ಷರದಲ್ಲಿ: ‘ಓದುಗರನ್ನು ತುದಿಗಾಲಲ್ಲಿ ನಿಲ್ಲಿಸುವುದು ಹೇಗೆ?’ ಒರೆಸಬೇಕೆನಿಸಿತು.

“ಸರ,” ದನಿ ಬಂತು. “ಮುಂಬ್ರಾದಾಗ ಅದಾಳ್ರಿ. ಆ ಕ್ಲಿಪ್ ಮಾರೂ ಹೆಣ್ಮಗಳ ಫೋನ್‌ಲೆ ಮಾತಾಡಿದ್ಲು. ಆಕಿನ ತಿರುಗಿ ಕರಕೊಂಡ ಬರ್ತಾಳಂತ. ನಾನೂ ಹೊಂಟೀನ್ರಿ.”

ನಾವು ಸ್ಟೇಷನ್ನಿಗೆ ಓಡಿದೆವು. ರೇಣುಕಾಳೊಂದಿಗೆ ಪ್ಲಾಟ್‌ಫಾರ್ಮಿನಲ್ಲಿ ಇಳಿದ ಕ್ಲಿಪ್ಪಿನವಳು ನನ್ನನ್ನು ಹಿಂದಿಯಲ್ಲಿ ಚೆನ್ನಾಗಿಯೇ ತೊಳೆದಳು. ಪ್ರತಿ ನಿಲ್ದಾಣದಲ್ಲೂ ಅವಳು ಒಂದು ಡಬ್ಬಿಯಿಂದ ಹಾರಿ ಓಡಿ ಇನ್ನೊಂದನ್ನು ಹತ್ತುತ್ತಿದ್ದಳಂತೆ. ಈ ಹುಡುಗಿಯೂ ಹಾರಿ, ಓಡಿ, ಹತ್ತುತ್ತಿದ್ದಳಂತೆ. ತನ್ನ ಅತ್ತೆ ಕಳಿಸಿದ ಗೂಢಚಾರಿಣಿ ಇರಬೇಕೆಂದು ಮುಂಬ್ರಾದಲ್ಲಿ ರಟ್ಟೆ ಹಿಡಿದು ವಿಚಾರಿಸಿದರೆ, ಹೋಮ್‌ವರ್ಕ್ ಎಂಬ ಉತ್ತರ ಬಂತಂತೆ. ಹಾರಿ, ಓಡಿ, ಹತ್ತಿ ಎಂಬಲ್ಲಿಗೇ ನಾನು ಬೆಂಚಿನ ಮೇಲೆ ಕೂತುಬಿಟ್ಟಿದ್ದೆ. ಉಳಿದದ್ದನ್ನು ಕೇಳಿಸಿಕೊಂಡವರು ಸುಮತಿ ಟೀಚರ್.

ತುರ್ಭೆಯಿಂದ ಅಮ್ಮ ಬಂದು ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ಕೆನ್ನೆಗೆ ಬೀಳುವ ಏಟಿಗಾಗಿ ನಾವೆಲ್ಲ ಕಾದೆವು. ಆಕೆ ಮಗಳ ಬಿಚ್ಚಿದ ಜಡೆಯನ್ನು ಹಿಡಿದು ಮತ್ತೆ ಹೆಣೆಯತೊಡಗಿದಳು. ಎಳೆ ತಪ್ಪಿ ತಪ್ಪಿ ಹೋಗುತ್ತಿತ್ತು. ತಲೆ ಎತ್ತದೆಯೇ ನನಗೆ ಹೇಳಿದಳು: “ಕೆಲಸದಾಗ ಗೊತ್ತಿಲ್ಲದ ನಂಬರ್ ಎತ್ತಂಗಿಲ್ರಿ ನಾನು. ನೀವು ಸುಳ್ಳ ಹೇಳಿದ್ರ ಮುಂಬ್ರಾದ ಆ ಫೋನ್ ಕಟ್ ಮಾಡತಿದ್ನಿ.”

ಶೆಟ್ಟರು ರೈಲ್ವೆಯ ಗಡಿಯಾರ ನೋಡತೊಡಗಿದರು.

“ಏನ ನೋಡಿದಿ ಅಷ್ಟು ದೂರ ಹೋಗಿ?” ಎಂದು ಮಗಳನ್ನು ಕೇಳಿದಳು. ರೇಣುಕಾಳ ಬಾಯಲ್ಲಿ ನಾನು ಮೊದಲ ಸಲ ಕನ್ನಡ ಕೇಳಿದ್ದು ಆಗ.

“ಆಕಿ ಡಬ್ಬಿ ಒಳಗ ಎಲ್ಲಾರಿಗೂ ನಗತಾಳ ಅವ್ವಾ. ಕೆಳಗ ಇಳದಕೂಡ್ಲೆ ನಗೂದು ನಿಲ್ಲಸ್ತಾಳ. ಮತ್ತ ಹತ್ತೂದ್ರಾಗ ನಗತಾಳ.”

ಅಮ್ಮ ಜಡೆ ಹೆಣೆಯುವುದನ್ನು ನಿಲ್ಲಿಸಿದಳು. “ಉಳದದ್ದು ಮನ್ಯಾಗ ಹೇಳ, ನಡಿ,” ಎಂದಳು. ಮರುದಿನ ಕೆಲಸಕ್ಕೆ ರಜೆ ಹಾಕಿ ಮಗಳ ಜೊತೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತಳು. ಪಾಠ ಕೇಳಲೋ, ನನ್ನನ್ನು ಕಾಯಲೋ, ಕೇಳುವ ಧೈರ್ಯ ನನಗಾಗಲಿಲ್ಲ.

ಕಳೆದ ವಾರ ಥಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬ ಸಣ್ಣ ಹುಡುಗಿ ನನ್ನನ್ನೇ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು. ಹಿಂದಾದರೆ ಮುಖ ತಿರುಗಿಸುತ್ತಿದ್ದೆ. ಈಗ ಮೊದಲು ಅವಳ ತಾಯಿ ಎಲ್ಲಿ ಎಂದು ಹುಡುಕಿದೆ. ಪಕ್ಕದಲ್ಲೇ ಇದ್ದಳು, ಮಗಳ ಕೈ ಬಿಗಿಯಾಗಿ ಹಿಡಿದುಕೊಂಡು. ನನ್ನ ರೈಲು ಬಂತು, ಹೋಯಿತು. ನಾನು ಹತ್ತಲಿಲ್ಲ. ನನ್ನನ್ನು ಅರ್ಧಕ್ಕೆ ಬಿಡದೆ ನೋಡಿ ಮುಗಿಸಲಿ ಎಂದು ನಿಂತೇ ಇದ್ದೆ.