ಕನ್ನಡ ಬಾರದ ಟೀಚರ್

ಮೂಡಲಗಿಯ ಆ ಶಾಲೆಯವರು ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ನನಗೆ ಬರುವ ಇಂಗ್ಲಿಷಿಗಾಗಿ ಅಲ್ಲ, ನನಗೆ ಬಾರದ ಕನ್ನಡಕ್ಕಾಗಿ. ತೊಡಕು ಇಷ್ಟೇ: ನಾನು ಹುಕ್ಕೇರಿಯವಳು. ಮನೆಮಾತು ಉರ್ದುವಾದರೂ ಹತ್ತನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಸಂತೆಯಲ್ಲಿ, ಬಸ್ಸಿನಲ್ಲಿ, ನೀರಿನ ನಲ್ಲಿಯ ಮುಂದೆ ನಾನು ಗೆದ್ದ ಜಗಳಗಳೆಲ್ಲ ಕನ್ನಡದವೇ.

ಸಂದರ್ಶನದ ದಿನ ಶಾಲೆಯ ಕಾರ್ಯದರ್ಶಿಗಳು ಚಹಾ ತರಿಸಿಕೊಟ್ಟು ವಿಷಯ ಬಿಡಿಸಿ ಹೇಳಿದರು.

"ನಮ್ಮ ಹುಡುಗೂರು ಇಂಗ್ಲಿಷ್ ಯಾಕ ಮಾತಾಡೂದಿಲ್ಲ ಹೇಳ್ರಿ? ಟೀಚರಿಗೆ ಕನ್ನಡ ತಿಳೀತೈತಿ ಅಂತ. ಅದಕ್ಕ ನಿಮಗ ಕನ್ನಡ ಬರೂದಿಲ್ಲ. ನೀವು ದಿಲ್ಲಿಯವ್ರು. ತಿಳೀತಿಲ್ರಿ?"

"ತಿಳೀತ್ರಿ."

"ತಿಳೀಬಾರ್ದು," ಎಂದರು ಅವರು, ನಗದೆ. ಒಂದು ಕನ್ನಡ ಮಾತು ಹೊರಗೆ ಬಿದ್ದರೂ ಅಂದೇ ಕೆಲಸ ಮುಗಿಯಿತು ಎನ್ನುವುದನ್ನೂ ಸೇರಿಸಿದರು.

ನಾನು ಒಪ್ಪಿದೆ. ಕಾರಣ ಇಂಗ್ಲಿಷಿನ ಸೇವೆಯಲ್ಲ, ಒಂದು ಕೀಲಿಕೈ. ನಮ್ಮ ಮನೆಯಲ್ಲಿ ಹನ್ನೊಂದು ಮಂದಿ, ಮೂರು ಕೋಣೆ. ಇಪ್ಪತ್ತನಾಲ್ಕು ವರ್ಷಗಳಲ್ಲಿ ನಾನು ಒಂದು ಬಾಗಿಲನ್ನೂ ನನಗಾಗಿ ಹಾಕಿಕೊಂಡವಳಲ್ಲ. ಕೆಲಸ ಇರುವವರೆಗೆ ಮೂಡಲಗಿಯಲ್ಲಿರು, ಹೋದ ದಿನ ಬಸ್ ಹತ್ತು ಎಂದು ಅಬ್ಬಾ ಹೇಳಿದ್ದರು. ಬಾಡಿಗೆ ಖೋಲಿಯ ಆ ಕೀಲಿಕೈಯನ್ನು ನಾನು ಮೊದಲ ರಾತ್ರಿ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದೆ. ನಗಬೇಡಿ, ನನಗೆ ಅದು ಅಷ್ಟು ದೊಡ್ಡದಿತ್ತು.

ಕೆಲಸದ ಹೆಸರು ಇಂಗ್ಲಿಷ್ ಸಹಾಯಕಿ. ಸಹಾಯ ಯಾರಿಗೆ ಎಂದರೆ ಹಿರಿಯ ಇಂಗ್ಲಿಷ್ ಸರ್‌ಗೆ. ಅವರದು ಹಳೆಯ ಪದ್ಧತಿ: ಒಂದು ಸಾಲು ಓದುವುದು, ಅದರ ಅರ್ಥ ಕನ್ನಡದಲ್ಲಿ ಹೇಳುವುದು, ಮಕ್ಕಳು ಅರ್ಥವನ್ನಷ್ಟೇ ಬರೆದುಕೊಳ್ಳುವುದು. ಈಗ ಓದುವ ಭಾಗ ನನಗೆ ಬಂತು. ಒಂಬತ್ತನೆಯ ತರಗತಿಯಲ್ಲಿ ಒಮ್ಮೆ ನಾನು ಸಮುದ್ರ ನೋಡಿದ್ದರ ಬಗ್ಗೆ ಐದು ನಿಮಿಷ ಮನಸಾರೆ ಇಂಗ್ಲಿಷಿನಲ್ಲಿ ಮಾತಾಡಿದೆ. ಸರ್ ಗಂಟಲು ಸರಿಮಾಡಿಕೊಂಡು ತರಗತಿಗೆ ಅರ್ಥ ಹೇಳಿದರು: "ಮೇಡಂ ಏನ್ ಹೇಳಾಕತ್ತಾರಂದ್ರ, ಅಕ್ಷರ ದುಂಡಗ ಬರೀಬೇಕು, ಗದ್ದಲ ಮಾಡಬಾರ್ದು." ನಾನು ಏನೂ ತಿಳಿಯದವಳಂತೆ ತಲೆಯಾಡಿಸಿದೆ.

ಶಾಲೆಯ ಗೇಟಿನ ಹೊರಗೆ ಸುಮ್ಮನೆ ಬಾಯಿ ಬಿಡಬಹುದಿತ್ತು ಎಂದುಕೊಳ್ಳಬೇಡಿ. ಸಣ್ಣ ಊರು. ಬದನೆಕಾಯಿ ಮಾರುವವಳು ಒಬ್ಬ ವಿದ್ಯಾರ್ಥಿನಿಯ ತಾಯಿ, ಹಿಟ್ಟಿನ ಗಿರಣಿಯವರು ಇನ್ನೊಬ್ಬಳ ಕಾಕಾ. ಕೈಸನ್ನೆ ಮಾಡಿ ಕೊತ್ತಂಬರಿ ಕೊಂಡೆ. "ಪಾಪ, ಓದಿದಾಕಿ, ಆದ್ರ ಮೂಗಿ ಆಗ್ಯಾಳ," ಎಂದು ಬದನೆಕಾಯಿಯವಳು ನನ್ನೆದುರೇ ಮರುಗಿದಳು. ಅಮ್ಮಿಯೊಂದಿಗೆ ಫೋನಿನಲ್ಲಿ ಉರ್ದುವಿನಲ್ಲಿ ಮಾತಾಡುತ್ತಿದ್ದೆ. ಅದನ್ನೇ ದಿಲ್ಲಿಯ ಹಿಂದಿ ಎಂದು ಕಾರ್ಯದರ್ಶಿಗಳು ಎಲ್ಲರಿಗೂ ತೋರಿಸುತ್ತಿದ್ದರು. ನಮ್ಮ ಹುಕ್ಕೇರಿ ಉರ್ದುವನ್ನು ದಿಲ್ಲಿಯವರು ಕೇಳಿದ್ದರೆ ಊಟ ಬಿಡುತ್ತಿದ್ದರು.

ಆದರೆ ಈ ನಾಟಕದಲ್ಲಿ ಒಂದು ಸುಖವಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು. ಮಕ್ಕಳು ನನ್ನೆದುರು ಏನು ಬೇಕಾದರೂ ಮಾತಾಡುತ್ತಿದ್ದರು. ಒಂಬತ್ತನೆಯ ತರಗತಿಯ ಮುಂದಿನ ಬೆಂಚಿನಲ್ಲಿ ಎರಡು ಜಡೆಯ ಒಬ್ಬ ಹುಡುಗಿ, ಮಾತಿನ ಮಲ್ಲಿ. "ಇವತ್ತ ಸಂತಿ ಐತಿ, ಹೋಂವರ್ಕ್ ಕೊಟ್ರ ಯಾರ್ ಮಾಡ್ತಾರ?" ಎಂದು ಪಕ್ಕದವಳಿಗೆ ಅನ್ನುವಳು. ನಾನು ಸಂತೆಯ ದಿನ ಹೋಂವರ್ಕ್ ಕೊಡುತ್ತಿರಲಿಲ್ಲ. "ನಾಳೆ ಪರೀಕ್ಷಾ ಬ್ಯಾಡಾಗಿತ್ತ," ಎನ್ನುವಳು. ಪರೀಕ್ಷೆ ಮುಂದಕ್ಕೆ ಹೋಗುತ್ತಿತ್ತು. ಮಕ್ಕಳ ಮನಸ್ಸನ್ನು ಕದ್ದು ಓದುವ ಟೀಚರ್ ಈ ಜಿಲ್ಲೆಯಲ್ಲಿ ನಾನೊಬ್ಬಳೇ ಎಂದು ನನಗೆ ಒಳಗೊಳಗೇ ಜಂಬ.

ಈದ್ ಹಬ್ಬಕ್ಕೆ ನಾನು ಊರಿಗೆ ಹೋಗಲಿಲ್ಲ, ಮರುದಿನವೇ ಶಾಲೆಯಿತ್ತು. ಆ ಮರುದಿನ ತರಗತಿಯಲ್ಲಿ ಅದೇ ಹುಡುಗಿ ಪಕ್ಕದವಳ ಕಡೆ ತಿರುಗಿ ಹೇಳಿದಳು: "ಟೀಚರ್ ಹಬ್ಬಕ್ಕ ಒಬ್ಬರ ಇದ್ರಂತ. ಇವ್ರು ಬಿಟ್ಟು ಹೋದ್ರ ನಾ ಇಂಗ್ಲಿಷ್ ತಾಸಿಗೆ ಬರೂದ ಇಲ್ಲ ನೋಡ." ಯಾರೂ ನನಗೆಂದು ಹೇಳದ ಮಾತು, ಆದ್ದರಿಂದ ಖರೆ ಮಾತು ಎಂದುಕೊಂಡೆ. ಖೋಲಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಬಾಗಿಲು ಇದ್ದುದಕ್ಕೆ ಅಂದು ನಿಜಕ್ಕೂ ಉಪಯೋಗವಾಯಿತು.

ಪಾಲಕರ ಸಭೆ ಬಂತು. ಮುಂದಿನ ವರ್ಷ ಯಾರನ್ನು ಇಟ್ಟುಕೊಳ್ಳುವುದು ಎಂದು ಆ ದಿನವೇ ತೀರ್ಮಾನ. ವೇದಿಕೆಯ ಹಿಂದೆ ಬಿದಿರಿನ ಚೌಕಟ್ಟಿಗೆ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ನನ್ನ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ 'ಕನ್ನಡವೇ ಬಾರದ ದಿಲ್ಲಿಯ ಟೀಚರ್'. ಕನ್ನಡದಲ್ಲೇ ಬರೆಸಿದ್ದರು, ಪಾಲಕರಿಗೆ ತಿಳಿಯಬೇಕಲ್ಲ. ಎರಡು ಜಡೆಯ ಹುಡುಗಿ ಮೈಕಿನ ಮುಂದೆ ಇಂಗ್ಲಿಷ್ ಭಾಷಣ ಶುರುಮಾಡಿದಳು, ಚೆನ್ನಾಗಿಯೇ. ಕಾರ್ಯದರ್ಶಿಗಳು ಪಾಲಕರ ಮುಖ ನೋಡಿ ಬೀಗುತ್ತಿದ್ದರು. ಅಷ್ಟರಲ್ಲಿ ಗಾಳಿ ಬೀಸಿತು. ಹಗ್ಗ ಸಡಿಲಾಗಿ ಆ ಬಿದಿರು ಅವಳ ಬೆನ್ನ ಮೇಲೆ ವಾಲತೊಡಗಿತು.

"ಏ ಹುಡುಗಿ! ಈ ಕಡೆ ಜಿಗಿ! ಬಿದಿರು ಬೀಳಾಕತ್ತೈತಿ!"

ನನ್ನದೇ ದನಿ. ಅವಳು ಜಿಗಿದಳು. ನನ್ನ ಫೋಟೋ ಸಮೇತ ಫ್ಲೆಕ್ಸ್ ಮೈಕಿನ ಮೇಲೆ ಬಿತ್ತು. ಯಾರಿಗೂ ಏಟಾಗಲಿಲ್ಲ, ನನ್ನೊಬ್ಬಳನ್ನು ಬಿಟ್ಟು. ಇಡೀ ಸಭೆ ತಿರುಗಿ ನನ್ನನ್ನೇ ನೋಡುತ್ತಿತ್ತು. ಕಾರ್ಯದರ್ಶಿಗಳ ಮುಖ ಕಪ್ಪಿಟ್ಟಿತು. ನಾನು ಪರ್ಸಿನೊಳಗಿನ ಕೀಲಿಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಊರಿನ ದಾರಿ ಹಿಡಿಯುವ ಸಂಜೆಯ ಗೋಕಾಕ ಬಸ್ಸು ಕಣ್ಣೆದುರು ಬಂತು.

ಆಗ ಆ ಹುಡುಗಿ ಮೈಕಿಲ್ಲದೆಯೇ ಕೂಗಿದಳು: "ಟೀಚರಿಗೆ ಕನ್ನಡ ನಾವ ಕಲಿಸೇವ್ರಿ! ನಮ್ಮ ಕ್ಲಾಸಿನವ್ರು!"

"ಹೌದ್ರಿ!" ಎಂದು ಇಡೀ ಒಂಬತ್ತನೆಯ ತರಗತಿ ಒಂದೇ ದನಿಯಲ್ಲಿ ಹೇಳಿತು. ಅರ್ಥ ಬರೆದುಕೊಳ್ಳುವ ತರಗತಿ ಅಷ್ಟು ಒಗ್ಗಟ್ಟಾಗಿ ಏನನ್ನಾದರೂ ಹೇಳಿದ್ದು ಅದೇ ಮೊದಲು. ಪಾಲಕರು ಚಪ್ಪಾಳೆ ತಟ್ಟಿದರು. ಬದನೆಕಾಯಿಯವಳು ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಕಾರ್ಯದರ್ಶಿಗಳಿಗೆ ಸತ್ಯ ಗೊತ್ತು, ನನಗೂ ಗೊತ್ತು. ಆದರೆ ಅದನ್ನು ಹೇಳಿದರೆ ಫ್ಲೆಕ್ಸ್ ಬರೆಸಿದವರು ಯಾರು ಎಂಬ ಪ್ರಶ್ನೆ ಏಳುತ್ತಿತ್ತು. ಅವರು ಮೈಕ್ ಎತ್ತಿಕೊಂಡು, "ಇದು ನಮ್ಮ ಸಾಲಿ ಶಿಕ್ಷಣ! ಇಂಥಾ ಟೀಚರನ್ನ ನಾವು ಬಿಡೂದಿಲ್ಲ," ಎಂದರು.

ಸಭೆ ಮುಗಿದ ಮೇಲೆ ಅವಳನ್ನು ಹಿಡಿದು ಕೇಳಿದೆ, ಕನ್ನಡದಲ್ಲಿ: "ಯಾವಾಗಿಂದ ಗೊತ್ತೈತಿ?"

"ಮದಲನೇ ದಿನದಿಂದ್ರಿ. ನೀವು ಬರೂವಾಗ ಕಂಡಕ್ಟರ್ ಜೋಡಿ ಜಗಳಾ ಆಡಿದ್ರಲ್ಲ? ನಮ್ಮವ್ವ ಅದ ಬಸ್ಸಿನ್ಯಾಗ ಇದ್ಲರಿ. ಬದನಿಕಾಯಿ ಬುಟ್ಟಿ ಇಟ್ಕೊಂಡು."

"ಮತ್ತ ಯಾಕ ಹೇಳಲಿಲ್ಲ?"

"ನಿಮ್ಮ ನೌಕರಿ ಹೋಕ್ಕೈತಲ್ರಿ," ಎಂದಳು, ಇಷ್ಟೂ ತಿಳಿಯದ ಟೀಚರ್ ಎಂಬಂತೆ.

ಖೋಲಿಗೆ ಬಂದು ಬಾಗಿಲು ತೆರೆದು ಕುಳಿತೆ. ಸಂತೆಯ ದಿನದ ಹೋಂವರ್ಕ್, ಮುಂದೆ ಹೋದ ಪರೀಕ್ಷೆಗಳು, ಎಲ್ಲದರ ಲೆಕ್ಕ ಈಗ ತಿಳಿಯಿತು. ನನ್ನ ಮೂರ್ಖತನಕ್ಕೆ ನಾನೇ ನಕ್ಕೆ. ಹಾಗೆ ನಗುತ್ತಿರುವಾಗ ಈದಿನ ಮರುದಿನ ನೆನಪಾಯಿತು. ಆ ಮಾತನ್ನು ಅವಳು ಪಕ್ಕದವಳಿಗೆ ಹೇಳಿರಲಿಲ್ಲ. ನನಗೇ ಹೇಳಿದ್ದಳು.