ತಲೆ ಒರೆಸಿದ ಸೇರು

ನಮ್ಮಪ್ಪನ ಬಟ್ಟೆ ಅಂಗಡಿ ಸೊಲ್ಲಾಪುರದ ನವಿ ಪೇಠದಲ್ಲಿತ್ತು. ಅಲ್ಲಿ ನಾನು ಕಲಿತ ಮೊದಲ ವಿದ್ಯೆ ಬಟ್ಟೆಯನ್ನು ಎಳೆದು ಅಳೆಯುವುದು. ಪಟ್ಟಿಗೆ ಹಿಡಿದು ಹೆಬ್ಬೆರಳಿಂದ ಒಂಚೂರು ಜಗ್ಗಿದರೆ ಸಾಕು, ಗಿರಾಕಿ ಮನೆ ಮುಟ್ಟುವಷ್ಟರಲ್ಲಿ ಬಟ್ಟೆ ನಾಲ್ಕು ಬೆರಳು ಕಡಿಮೆ. ಒಂದು ದಿನ, ಇದು ನನ್ನಿಂದ ಆಗುವುದಿಲ್ಲ ಅಂದುಬಿಟ್ಟೆ.

“ಎಳದ್ರ ಬಟ್ಟಿಗೇನ್ ನೋವಾಗ್ತದೇನೋ?” ಅಂದ ಅಪ್ಪ.

“ನನಗ ಆಗ್ತದ.”

“ಹಂಗಿದ್ರ ಹೊಲಕ್ಕ ಹೋಗಿ ಕುಂದ್ರು. ಅಲ್ಲಿ ಅಳೆಯೂದೇನೂ ಇಲ್ಲ.”

ಹೋದೆ. ಎಪ್ಪತ್ತರ ದಶಕದ ಮಾತು, ಇಪ್ಪತ್ತೈದು ತುಂಬಿರದ ಸೊಕ್ಕು. ಅಕ್ಕಲಕೋಟದಿಂದ ಒಂದು ಹರದಾರಿ ಆಚೆ ನಮ್ಮದೊಂದು ಹೊಲ, ಹೊಲದಲ್ಲೊಂದು ಕೋಣೆ. ಎರಡು ಅಂಗಿ, ಒಂದು ಕಂಬಳಿ, ಒಂದು ತಂಬಿಗೆ, ಜೋಳದ ಒಂದು ಗಡಿಗೆ, ಒಂದು ಸೇರು. ಮನುಷ್ಯನಿಗೆ ಇಷ್ಟು ಸಾಕು ಅಂತ ನಿರ್ಧಾರ ಮಾಡಿದ್ದೆ. ಸಾಕಾಯಿತು ಕೂಡ, ಸುಳ್ಳು ಹೇಳುವುದಿಲ್ಲ. ಮುಂಜಾನೆ ಬೇವಿನ ಮರದ ಕೆಳಗೆ ರೊಟ್ಟಿ ತಿನ್ನುವಾಗ ನನ್ನಂಥ ಸುಖಿ ಇಲ್ಲ ಅನಿಸುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದನ್ನು ಯಾರಿಗಾದರೂ ಹೇಳಬೇಕು ಅನಿಸುತ್ತಿತ್ತು. ಯಾರೂ ಇರಲಿಲ್ಲ. ಮಾತು ಕೇಳುವ ಆಸೆಗೆ ಉಪ್ಪಿನ ನೆಪ ಮಾಡಿಕೊಂಡು ಅಕ್ಕಲಕೋಟದ ಪೇಟೆಗೆ ನಡೆಯುತ್ತಿದ್ದೆ. ಒಬ್ಬನ ಕೋಣೆಯಲ್ಲಿ ಎರಡು ವರ್ಷಕ್ಕಾಗುವಷ್ಟು ಉಪ್ಪು ಕೂಡಿತ್ತು. ನಗಬೇಡಿ.

ಬೇಸಿಗೆಯಲ್ಲಿ ನಂದೇಶ್ವರದ ಕಡೆಯ ಒಬ್ಬ ಕುರುಬ ಹಿಂಡು ಹೊಡೆದುಕೊಂಡು ಬಂದ. ಹಣೆ ತುಂಬ ಕುರುಬರ ದೇವರು ಬೀರೋಬಾನ ಭಂಡಾರದ ಅರಿಸಿನ. ರಾತ್ರಿ ಹೊಲದಲ್ಲಿ ಕುರಿ ತರುಬಿ ಮಲಗಿಸಿದರೆ ನೆಲಕ್ಕೆ ಗೊಬ್ಬರ, ಮುಂಜಾನೆ ಕುರಿಯವನಿಗೆ ಒಂದು ಸೇರು ಜೋಳ. ಇದು ಆ ಕಡೆಯ ವಾಡಿಕೆ.

“ಅಮಾಸಿ ತನಾ ಇರ್ತೀವ್ರಿ ಸಾವ್ಕಾರ್ರ.”

“ಸಾವ್ಕಾರ ಅನಬ್ಯಾಡ್ರಿ ಕಾಕಾ. ನಾ ಎಲ್ಲಾ ಬಿಟ್ಟು ಬಂದೀನಿ.”

ಅವನು ಗೂಟಕ್ಕೆ ನೇತುಹಾಕಿದ್ದ ನನ್ನ ಅಂಗಿ ನೋಡಿದ. ಕೆಂಡ ತುಂಬಿದ ತಂಬಿಗೆಯಿಂದ ನಾನೇ ಇಸ್ತ್ರಿ ಮಾಡಿದ್ದೆ. “ಅಂಗಿ ಬಿಟ್ಟಿಲ್ಲ ನಿಮ್ಮನ್ನ!” ಅಂದ. ಎಷ್ಟೋ ತಿಂಗಳ ಮೇಲೆ ಇನ್ನೊಬ್ಬರ ಎದುರು ಕೂತು ನಕ್ಕೆ. ಆ ಸಂಜೆ ಒಂದೇ ಒಲೆಯ ಮುಂದೆ ಕೂತು ಉಂಡೆವು. ಮಳೆ, ಮುಳ್ಳು, ಮರಿ ಹಾಕಲಿದ್ದ ಕುರಿ, ಎಲ್ಲದರ ಬಗ್ಗೆ ಮಾತು. ಅಮಾವಾಸ್ಯೆಗೆ ಇನ್ನೂ ಹನ್ನೊಂದು ದಿನ ಇದೆ ಅಂತ ಬೆರಳಲ್ಲೇ ಎಣಿಸಿ ಖುಷಿಪಟ್ಟೆ.

ಮುಂಜಾನೆ ಜೋಳ ಅಳೆದೆ. ಸೇರು ತುಂಬಿ, ಮೇಲೆ ನಿಂತ ಕಾಳನ್ನು ಕೋಲಿನಿಂದ ಒರೆಸಿ ಸಪಾಟು ಮಾಡಿದೆ. ಈ ಕೈ ಇನ್ನು ಯಾರಿಗೂ ಮೋಸ ಮಾಡುವುದಿಲ್ಲ ಅನ್ನುವ ಹೆಮ್ಮೆ ಬೇರೆ.

ಅವನು ಕಂಬಳಿಯ ಸೆರಗು ಒಡ್ಡಲಿಲ್ಲ. “ತಲಿ ಯಾಕ ಒರಸಿದ್ರಿ?”

“ಬರೋಬರ್ ಐತಿ ಕಾಕಾ. ಒಂದ್ ಕಾಳು ಹೆಚ್ಚಿಲ್ಲ, ಕಡಿಮಿಲ್ಲ.”

“ನಮ್ಮ ಕುರಿ ತಲಿ ಒರಸಿ ಹಿಕ್ಕಿ ಹಾಕ್ಯಾವೇನ್ರಿ?”

ನಗೆ ಬಂತು. ಅವನು ನಗಲಿಲ್ಲ. “ಮ್ಯಾಲಿನ ಕಾಳು ಬೀರೋಬಾಂದು. ಒರಸಿ ಕೊಟ್ರ ಹಿಶೇಬ ಮುಗೀತು, ಎದ್ದು ನಡಿ ಅಂದಂಗ.”

ಒಂದು ಹಿಡಿ ಜೋಳ ಮೇಲೆ ಸುರಿದು, ತಪ್ಪಾಯ್ತು ಕಾಕಾ ಅಂದಿದ್ದರೆ ಮುಗಿಯುತ್ತಿತ್ತು. ಗಡಿಗೆಯಲ್ಲಿ ಜೋಳಕ್ಕೇನು ಕೊರತೆ? ಆದರೆ ನಾನು ಸರಿ ಇದ್ದೆನಲ್ಲ! ಅಪ್ಪನ ಅಂಗಡಿಯನ್ನೇ ಬಿಟ್ಟು ಬಂದವನಿಗೆ ಅಳತೆಯ ಬಗ್ಗೆ ಇವನೇನು ಹೇಳುತ್ತಾನೆ ಅಂತ ಒರೆಸಿದ ಸೇರನ್ನೇ ಮುಂದೆ ಹಿಡಿದೆ. ಅವನು ಕಾಳು ಮುಟ್ಟಲಿಲ್ಲ, ಬಯ್ಯಲೂ ಇಲ್ಲ. ಸಿಳ್ಳು ಹಾಕಿ ಹಿಂಡು ಎಬ್ಬಿಸಿದ. ಧೂಳು ಇಳಿದಾಗ ಹೊಲ ಮೊದಲಿಗಿಂತ ದೊಡ್ಡದಾಗಿ ಕಂಡಿತು.

ಮರುವರ್ಷ ಅದೇ ದಾರಿಯಲ್ಲಿ ಬಂದ. ಓಡಿ ಹೋಗಿ ಕರೆದೆ. “ಈ ಸಲ ಸೇರು ತುಂಬಿ ಚೆಲ್ಲುವಂಗ ಕೊಡ್ತೀನಿ, ಬರ್ರಿ ಕಾಕಾ.”

ನೀರು ಕುಡಿದ. ತಂಬಿಗೆ ಕೈಗೆ ಕೊಟ್ಟ. “ಮುಂದಿನ ಹೊಲದವ್ರಿಗೆ ಮಾತು ಕೊಟ್ಟೀನ್ರಿ. ನಮಗೂ ಮಾತು ಅಂದ್ರ ಬರೋಬರ್ ಇರ್ಬೇಕಲ್ಲ.”

ಅವತ್ತಿನಿಂದ ನಾನು ಸೇರಿನ ತಲೆ ಒರೆಸಿಲ್ಲ. ದಿನಾ ಜೋಳ ಬೀಸುವ ಮುಂಚೆ ಗೋಪುರ ಏಳುವ ಹಾಗೆಯೇ ಅಳೆಯುತ್ತೇನೆ. ಉಣ್ಣುವವನು ನಾನೊಬ್ಬನೇ.